ದುಬೈಗೂ ಪಿರಿಯಾಪಟ್ಟಣಕ್ಕೂ ಒಂದು ಬೈಟು

ಪಿರಿಯಾಪಟ್ಟಣ ಬಸ್ ಸ್ಟ್ಯಾಂಡಿನ ಕಂಠಪ್ಪನ ಹೋಟೆಲಿನಲ್ಲಿ ಕೆಂಪಾಜಮ್ಮ, ಮುನ್ನೀಬಿ ಇಬ್ಬರೂ ಇಪ್ಪತ್ತು ವರ್ಷ ಒಂದೇ ಕಾಫಿಯನ್ನು ಬೈಟು ಮಾಡಿಸಿ ಕುಡಿದವರು. ಕೆಂಪಾಜಮ್ಮನ ಬಾಯಲ್ಲಿ ಅದು ನೂರು ವರ್ಷ. ಅಷ್ಟು ಕಾಫಿ ಹರಿಸಿದ್ದರೆ ಕಾವೇರಿಯ ಬಣ್ಣವೇ ತಿರುಗುತ್ತಿತ್ತಂತೆ. ಇವಳು ಹೊಗೆಸೊಪ್ಪು ವಿಂಗಡಿಸುವವಳು, ಅವಳು ರವಿಕೆ ಹೊಲಿಯುವವಳು. ಗಂಡಂದಿರು ಹೋದ ಮೇಲೂ ಆ ಅರ್ಧ ಲೋಟ ತಪ್ಪಿರಲಿಲ್ಲ.

ಹೋದ ವರ್ಷ ಮೊಮ್ಮಗಳು ಜೋಯಾಳ ಬಾಣಂತನಕ್ಕೆಂದು ದುಬೈಗೆ ಹೋದ ಮುನ್ನೀಬಿ ಅಲ್ಲೇ ಉಳಿದುಬಿಟ್ಟಳು. ಒಬ್ಬಳೇ ಕೂತು ಬೈಟು ಕೇಳುವುದು ಹೇಗೆ? ಕೆಂಪಾಜಮ್ಮ ಕಂಠಪ್ಪನ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

ಬೈಲಕುಪ್ಪೆ ಹತ್ತಿರ ಹೆದ್ದಾರಿಯಲ್ಲಿ ಗಾಜಿನ ಕಾಫಿ ಅಂಗಡಿಯೊಂದು ತೆರೆದ ಸುದ್ದಿಯನ್ನು ಕೆಂಪಾಜಮ್ಮ ಫೋನಿನಲ್ಲಿ ಹೇಳಿದಾಗ ಮುನ್ನೀಬಿ ಕೂಗಿಯೇಬಿಟ್ಟಳು.

“ಅದೇ ಕಂಪ್ನಿ ಅಕ್ಕಾ! ನಮ್ಮನೆ ಕೆಳ್ಗೂ ಐತೆ. ಯಾವಾಗ್ಲೂ ಜನ. ನಮ್ ದುಡ್ಡಲ್ಲಿ ಒಂದಕ್ಕೆ ಐನೂರು.”

“ಐನೂರಾ! ಜೊತೇಲಿ ಹಸುನೂ ಕಟ್ಟಿ ಕಳುಸ್ತಾರೇನೇ? ಇಲ್ಲಿ ಇನ್ನೂರೈವತ್ತು, ಒಳಗೆ ನೊಣನೂ ಇಲ್ಲ.”

“ಹಂಗಾದ್ರೆ ಅಲ್ಲೇ ಅಗ್ಗ.”

“ಎಲ್ಲಿ ಅಗ್ಗ? ನಿಮ್ಮೋರು ಒಂದ್ ಗಂಟೆ ಗೇದು ಕುಡೀತಾರೆ. ನಾನು ಬೆಳಗಿಂದ ಸಂಜೆಗಂಟ ಸೊಪ್ಪು ಗ್ರೇಡ್ ಮಾಡ್ಬೇಕು ಕಣೇ.”

ಆದರೂ ಮಾತಾಯಿತು. ಶುಕ್ರವಾರ ಇಲ್ಲಿಯ ಐದು ಗಂಟೆಗೆ ಇವಳು ಇಲ್ಲಿ, ಅವಳು ಅಲ್ಲಿ, ಅದೇ ಕಂಪನಿಯ ಕಾಫಿ. ಇಬ್ಬರೂ ಅರ್ಧರ್ಧವೇ ಕುಡಿಯಬೇಕು. ಉಳಿದರ್ಧ ಇನ್ನೊಬ್ಬಳ ಪಾಲು.

ಶುಕ್ರವಾರ ಕೆಂಪಾಜಮ್ಮ ಮದುವೆಗೆ ಹೊರಟವಳಂತೆ ಸೀರೆ ಉಟ್ಟು ಹೋದಳು.

“ಒಂದ್ ಬೈಟು ಕೊಡವ್ವ.”

“ಬೈಟು ಇಲ್ಲ ಅಜ್ಜಿ,” ಎಂದಳು ಕೌಂಟರಿನ ಹುಡುಗಿ.

“ಖಾಲಿ ಕಪ್ಪಾದ್ರೂ ಇನ್ನೊಂದು ಕೊಡು. ನಮ್ಮೋಳು ದುಬೈಯಿಂದ ಬತ್ತಾವ್ಳೆ.”

ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ ಕಾಫಿಯ ಜೊತೆಗೆ ಖಾಲಿ ಕಾಗದದ ಕಪ್ಪೊಂದನ್ನೂ ಕೊಟ್ಟಳು. ಸಾಲು ಕುರ್ಚಿಗಳ ನಡುವೆ ಒಬ್ಬಳೇ ಕೂತು, ಹನಿ ಚೆಲ್ಲದಂತೆ ಎರಡಕ್ಕೂ ಸಮ ಸುರಿದು, ಕೆಂಪಾಜಮ್ಮ ವಿಡಿಯೋ ಕಾಲ್ ಮಾಡಿದಳು. ಮುನ್ನೀಬಿಯ ಮುಖ ಬಂತು. ಅವಳ ಹಿಂದೆ ಜನವೋ ಜನ.

“ನಿನ್ ಕಪ್ ತೋರ್ಸೇ!”

“ಅಯ್ಯೋ, ಕುಡ್ದ್ಬುಟ್ಟೆ ಅಕ್ಕಾ! ಕೂರಾಕೆ ಜಾಗ ಇರ್ಲಿಲ್ಲ, ನಿಂತ್ಕೊಂಡೇ ಕುಡ್ದೆ. ಇಲ್ಲಿ ಎಲ್ರೂ ಪೂರ್ತಿನೇ ಕುಡಿಯೋದಲ್ವಾ... ಮರ್ತೇ ಹೋಯ್ತು.”

ಕೆಂಪಾಜಮ್ಮ ಎರಡು ಕಪ್ಪೂ ಕಾಣದಂತೆ ಫೋನನ್ನು ಮೆಲ್ಲಗೆ ಮೇಲೆತ್ತಿದಳು.

“ನಾನೂ ಅಷ್ಟೇ ಬುಡು. ಒಂದಲ್ಲ, ಮೂರು ಎತ್ತಿದೆ. ಇನ್ನೊಂದು ಕುಡುದ್ರೆ ಅಂಗಡಿನೇ ನಿನ್ ಹೆಸ್ರಿಗೆ ಬರ್ಕೊಡ್ತೀವಿ ಅಂತಾವ್ರೆ.”

ಮುನ್ನೀಬಿ ನಕ್ಕಳು. ಅಷ್ಟರಲ್ಲಿ ಅಲ್ಲಿ ಮಗು ಅತ್ತಿತು. “ಆಮೇಲ್ ಮಾಡ್ತೀನಿ ಅಕ್ಕಾ,” ಎನ್ನುತ್ತಲೇ ಫೋನು ನಿಂತಿತು.

ಪಕ್ಕದ ಮೇಜು ಒರೆಸುತ್ತ ಹುಡುಗಿ ಕೇಳಿದಳು, “ನಿಮ್ಮೋರು ಬರ್ಲಿಲ್ವಾ ಅಜ್ಜಿ?”

“ಬಂದು ಹೋದ್ಲು ಕಣವ್ವ.”

ಕೆಂಪಾಜಮ್ಮ ತನ್ನ ಪಾಲು ಕುಡಿದಳು. ಆಮೇಲೆ ಆರಿಹೋಗಿದ್ದ ಇನ್ನೊಂದನ್ನೂ ಎತ್ತಿಕೊಂಡಳು. ಅಷ್ಟು ಕಾಫಿ ಒಬ್ಬಳಿಗೆ ಹೆಚ್ಚಾಯಿತು.