ಬ್ರೂನೋನ ಎಕ್ಸ್‌ರೇ

ಮುದ್ದೆಯ ತುಣುಕಿನೊಳಗೆ ನೋವಿನ ಮಾತ್ರೆ ಅಡಗಿಸಿ ಇಂಪನಾ ತಮ್ಮ ಗಂಡು ಶೆಫರ್ಡ್ ನಾಯಿ ಬ್ರೂನೋಗೆ ನುಂಗಿಸಿದಳು. ಶೆಟ್ಟಿಹಳ್ಳಿಯ ಆ ಮನೆಯಲ್ಲಿ ಮರಿಗಾಗಿ ಹೆಣ್ಣುನಾಯಿಯ ಜೊತೆ ಕೂಡಿಸುವ ಕ್ರಾಸಿಂಗ್ ಇದ್ದ ದಿನಗಳಲ್ಲೆಲ್ಲ ಇದು ಅವಳ ಕೆಲಸ. ಮಾತ್ರೆ ಇಲ್ಲದಿದ್ದರೆ ಬ್ರೂನೋ ಹಿಂಗಾಲಿನ ಮೇಲೆ ನಿಲ್ಲಲಾರದು. ತನ್ನ ಹೆಣ್ಣು ಶೆಫರ್ಡನ್ನು ಅದಕ್ಕೆಂದೇ ಕುಣಿಗಲ್ಲಿನಿಂದ ಕರೆತಂದಿದ್ದ ಅಂಜನ್‌ಕುಮಾರ್ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಇಂಪನಾಳ ಅಪ್ಪ ಅಡವಿಯಪ್ಪ ಡಾಗ್ ಶೋಗಳಲ್ಲಿ ಬ್ರೂನೋ ಗೆದ್ದ ಕಪ್‌ಗಳನ್ನು ತೋರಿಸುತ್ತಿದ್ದರು.

ಅಷ್ಟರಲ್ಲಿ ಗುಬ್ಬಿಯ ಪ್ರಮೀಳಾ ಬಂದರು. ಆಟೋದವನೂ ಅವರೂ ಸೇರಿ ದುಪ್ಪಟಿಯಲ್ಲಿ ಹೊತ್ತು ತಂದ ನಾಯಿಯನ್ನು ಅಂಗಳದಲ್ಲಿ ಇಳಿಸಿದರು. ಇಲ್ಲಿಂದಲೇ ಕೊಂಡ ಬ್ರೂನೋನದೇ ಮರಿ, ಹತ್ತು ತಿಂಗಳದ್ದು. ಏಳಲು ಹೋಗಿ ಕುಂಯ್‌ಗುಟ್ಟಿ ಕುಸಿಯಿತು.

"ಟೈಲ್ಸ್ ಮೇಲೆ ಬುಟ್ಟಿರ್ತೀರ, ಜಾರಿರುತ್ತೆ. ಸಾಕೋಕ್ ಬರ್ದಿದ್ರೆ ನಾಯಿ ಯಾಕ್ ಬೇಕಿತ್ತು ಮೇಡಂ?" ಅಡವಿಯಪ್ಪ ನಕ್ಕರು.

"ಸೊಂಟದ ಕೀಲೇ ಸರಿಯಾಗಿ ಕೂತಿಲ್ವಂತೆ. ಹಿಂಗಾಲ್ ಜೋಡ್ಸಿ ಕುಪ್ಪಳಿಸ್ತಿದ್ದಿದ್ದೇ ಅದ್ರ ಗುರುತಂತೆ. ಅಪ್ಪ ಅಮ್ಮನಿಂದ ಬರುತ್ತಂತೆ. ಕ್ರಾಸ್ ಮಾಡ್ಸೋಕ್ ಮುಂಚೆ ಎಕ್ಸ್‌ರೇ ತೆಗ್ಸಿದ್ರಾ ಅಂತ ಡಾಕ್ಟ್ರು ಕೇಳಿದ್ರು."

"ಹನ್ನೊಂದ್ ಕಪ್ ಗೆದ್ದೋನ್ಗೆ ಎಕ್ಸ್‌ರೇ ಏನ್ರೀ? ಅದಕ್ಕೊಂದ್ ಇಂಜೆಕ್ಷನ್ ಹಾಕ್ಸಿ ಶಾಶ್ವತವಾಗಿ ಮಲಗಿಸ್ಬುಡಿ. ಇನ್ನೊಂದ್ ಮರಿ ಕೊಡ್ತೀನಿ."

"ನಾಳೆ ಹಾಕಿಸ್ತಿದೀವಿ. ಇನ್ನೊಂದ್ ಬೇಡ. ಇದ್ರ ಅಪ್ಪನ್ನ ಒಂದ್ಸಲ ನೋಡೋಣ ಅಂತ ಬಂದೆ."

ಅಂಜನ್‌ಕುಮಾರ್ ಲೋಟ ಕೆಳಗಿಟ್ಟ. ಅಂಗಳದ ಮಾತು ಅವನಿಗೆ ಅರ್ಧಂಬರ್ಧ ಕೇಳಿಸಿತ್ತು. "ಏನಾಗಿದ್ಯಣ್ಣ ಅದಕ್ಕೆ?"

"ಏನಿಲ್ಲ, ಮೆಟ್ಲಿಂದ ಬಿದ್ದೈತೆ," ಅಂದರು ಅಡವಿಯಪ್ಪ.

ಹೊರಗಿನವರ ಮುಂದೆ ಇಂಪನಾ ಬಾಯಿ ಬಿಡುವವಳಲ್ಲ. ಮರಿ ಕುಂಟುತ್ತಿದೆ ಎಂದು ಬರೆದವರಿಗೆಲ್ಲ 'ಎಲ್ಲೋ ಜಾರಿರಬೇಕು' ಎಂದು ಅಪ್ಪನ ಪರವಾಗಿ ಮೆಸೇಜ್ ಕಳಿಸುತ್ತಿದ್ದವಳೂ ಅವಳೇ. ಈಗ ಒಳಗೆ ಹೋದಳು. ಬೀರುವಿನ ಹಿಂದೆ ಸಿಕ್ಕಿಸಿಟ್ಟಿದ್ದ ಎಕ್ಸ್‌ರೇ ಫಿಲ್ಮನ್ನು ತಂದು ಅಂಜನ್‌ಕುಮಾರನ ಕೈಗಿಟ್ಟಳು.

"ಬ್ರೂನೋದು. ಈ ಮರಿ ಹುಟ್ಟೋಕ್ ಎಷ್ಟೋ ಮುಂಚೆ ತೆಗ್ಸಿದ್ದು," ಅಂದಳು. "ಎರಡೂ ಕೀಲು ಹಾಳಾಗಿದೆ, ಇದ್ರಿಂದ ಮರಿ ಮಾಡಿಸ್ಬೇಡಿ ಅಂತ ಡಾಕ್ಟ್ರು ಅಂದಿದ್ರು. ಈಗ ನೋವಿನ್ ಮಾತ್ರೆ ನುಂಗ್ಸಿದೀನಿ, ಅದಕ್ಕೇ ನಿಂತಿದೆ."

ಅಂಜನ್‌ಕುಮಾರ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ. ಅಂಗಳದ ನಾಯಿಯನ್ನೂ ನೋಡಿದ. ತನ್ನ ನಾಯಿಯ ಬೆಲ್ಟ್ ಹಿಡಿದು ಕಾರಿನತ್ತ ನಡೆದ.

"ಇವನ ಮರಿ ಮಾರೇ ನಿನ್ನ ಡಿಗ್ರಿ ಓದ್ಸಿದ್ದು ಕಣೇ," ಅಡವಿಯಪ್ಪ ಹಲ್ಲು ಕಚ್ಚಿದರು. "ಇವನ್ನ ಮೂಲೇಲ್ ಕೂರಿಸ್ಬುಟ್ರೆ ಒಲೆ ಹೆಂಗ್ ಉರೀತದೆ?"

"ಗೊತ್ತಿಲ್ಲ ಅಪ್ಪ."

ಹೆಣ್ಣುನಾಯಿಯ ವಾಸನೆ ಹಿಡಿದು ಬ್ರೂನೋ ಹೊರಗೆ ಬಂತು. ಮಾತ್ರೆ ಕೆಲಸ ಮಾಡಿತ್ತು. ಹಿಂಗಾಲೆರಡನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತಾ ಗೇಟಿನವರೆಗೆ ಓಡಿತು.

ಪ್ರಮೀಳಾ ದುಪ್ಪಟಿಯ ಪಕ್ಕದಲ್ಲೇ ಕುಳಿತರು.

"ಇದೂ ಮೊದ್ಲು ಹಿಂಗೇ ಓಡ್ತಿತ್ತು," ಅಂದರು. "ಚೆಂದ ಅಂತ ವಿಡಿಯೋ ಮಾಡ್ಕೊಂಡಿದ್ವಿ."