ರೋಮಿನ ಊಟದಲ್ಲಿ ಮೆಣಸಿನಕಾಯಿ

ಜಿಗಣಿಯಿಂದ ಬ್ರೂಕ್‌ಫೀಲ್ಡಿಗೆ ಬರುವಷ್ಟರಲ್ಲಿ ಯಮನೂರನಿಗೆ ಮೂರು ಬಸ್ಸು, ಅರ್ಧ ಆಯುಷ್ಯ ಕಳೆದಿದ್ದವು. ಕಾರ್ಖಾನೆಯ ಪ್ರೆಸ್ ಮಷೀನಿನ ಮುಂದೆ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ಅವನ ದಣಿವನ್ನು ತೂಗಲು ಹೋಗಿದ್ದರೆ ತಕ್ಕಡಿಯೇ ರಜೆ ಕೇಳುತ್ತಿತ್ತು.

ಅವನು ಬಂದದ್ದು ತಾನು ಬರೆದ ಧಾರಾವಾಹಿಯನ್ನು ಮೊಬೈಲಿನಲ್ಲಿ ಕೇಳಿಸುವ ಕಂಪನಿಗೆ. ಎರಡು ಸಾವಿರ ವರ್ಷ ಹಿಂದಿನ ರೋಮ್ ನಗರ, ಅಲ್ಲೊಬ್ಬ ಪತ್ತೇದಾರ ವೀಬಿಯಸ್. ಅವನ ಸಾಹಸ ಕೇಳುತ್ತ ಕೂತು ಚಂದಾಪುರದ ಬಾಡಿಗೆ ಕೋಣೆಗಳಲ್ಲಿ ಅನ್ನ ಸೀಯದ ಒಲೆಯೇ ಉಳಿದಿರಲಿಲ್ಲ. ಕೊನೆಯ ಕಂತಿನ ರೆಕಾರ್ಡಿಂಗ್ ಇವತ್ತು ಹನ್ನೆರಡಕ್ಕೆ. ಅದರಲ್ಲೊಂದು ತಪ್ಪು ಸಿಕ್ಕಿತ್ತು; ಅಷ್ಟರೊಳಗೆ ಅದನ್ನು ತಿದ್ದದಿದ್ದರೆ ಅಂತ್ಯವನ್ನು ಬೇರೆ ಯಾರೋ ಬರೆಯುತ್ತಾರೆ, ಹೆಸರೂ ಅವರದೇ ಹೋಗುತ್ತದೆ.

ತಪ್ಪು ಹಿಡಿದವರು ಸಂಪಾದಕಿ ಹೇಮಲತಾ. ಊರಿನ ಕಥೆಗಳನ್ನೆಲ್ಲ ತಿದ್ದಿ ತಿದ್ದಿ ಅವರ ಆಕಳಿಕೆಗೂ ಸುಸ್ತಾಗಿತ್ತು.

"ಶ್ರೀಮಂತನ ಊಟದ ಕೆಂಪು ಚಟ್ನಿಯಲ್ಲಿ ವಿಷ. ಮೂವರು ಗುಲಾಮರಲ್ಲಿ ಖಾರದ ಕೈಯಿಂದ ಕಣ್ಣುಜ್ಜಿಕೊಂಡವನೇ ಕೊಲೆಗಾರ. ಇದೇ ತಾನೆ ನಿಮ್ಮ ಪತ್ತೆ?"

"ಹೌದ್ರೀ ಮೇಡಂ."

"ಆಗ ರೋಮ್‌ನಲ್ಲಿ ಮೆಣಸಿನಕಾಯಿನೇ ಇರಲಿಲ್ಲ ಕಣ್ರೀ. ನಮಗೇ ಅದು ಪೋರ್ಚುಗೀಸರ ಕಾಲಕ್ಕೆ ಬಂದಿದ್ದು."

"ಖಾರ ಇಲ್ದ ಹೆಂಗ ಉಣ್ತಿದ್ರೀ ಆ ಮಂದಿ? ಅದ್ರಾಗ ಅಷ್ಟ್ ರಾಜ್ಯ ಬ್ಯಾರೆ ಗೆದ್ದಾರ."

"ಕರಿಮೆಣಸಿತ್ತು. ನಮ್ಮ ಕಡೆಯಿಂದಲೇ ಹಡಗಲ್ಲಿ ಹೋಗ್ತಿತ್ತು. ವಿಷದ ಕಹಿ ಮುಚ್ಚೋಕೆ ಅದು ಸಾಕು. ಆದ್ರೆ ಕೈಯಿಂದ ಕಣ್ಣಿಗೆ ಆ ಉರಿ ಬರಲ್ಲ. ನಿಮ್ಮ ಸುಳಿವು ಹೋಯ್ತು. ಟೈಮ್ ಹನ್ನೊಂದೂಕಾಲು."

ಯಮನೂರ ಮುಖ ಉಜ್ಜಿಕೊಂಡ. ಬೆಳಿಗ್ಗೆ ಮೂರು ಬಸ್ಸಿನಲ್ಲೂ ನಿಂತೇ ಬಂದಿದ್ದ. ಆ ಬಸ್ಸುಗಳನ್ನು ನೆನೆದಾಗಲೇ ಏನೋ ಹೊಳೆಯಿತು.

"ಮೂರೂ ಮಂದೀನ ಒಂದ್ ಗಾಡ್ಯಾಗ ಕುಂದ್ರಸ್ರೀ. ರೋಮಿನ ಕಲ್ಲಿನ ದಾರಿ ಮ್ಯಾಲೆ ಓಡಸ್ರೀ. ಮೂವರೂ ದಣದಾರ, ಮೂವರೂ ಕಣ್ಣ ಮುಚ್ಚತಾರ."

"ಮುಚ್ಚಲಿ, ಅದಕ್ಕೇನೀಗ?"

"ಖರೇನ ಮಲಗಿದವ್ರ ಕುತ್ತಿಗಿ ಗಾಡಿ ಕುಲುಕಿದಂಗ ಜೋಲತೈತ್ರೀ. ನಾಟಕ ಮಾಡಾಂವ ಕುತ್ತಿಗಿ ಬಿಗಿ ಹಿಡೀತಾನ. ಕೊಂದಾಂವಗ ನಿದ್ದಿ ಎಲ್ಲಿಂದ ಹತ್ತಬೇಕು?"

"ಇದನ್ನ ಯಾವ ಪುಸ್ತಕದಲ್ಲಿ ಓದಿದ್ರಿ?"

"ಪುಸ್ತಕ ಎಲ್ಲೀದ್ರೀ. ಸೀಟ್ ಬಿಡಬಾರದಂತ ಮಲಗಿದಂಗ ಮಾಡಾವ್ರನ್ನ ಹನ್ನೊಂದ್ ವರ್ಷ ನಿಂತು ನೋಡೇನಿ. ಒಂದ್ ಹಂಪ್ ಬಂದ್ರ ಸಾಕು, ಸಿಕ್ ಬೀಳ್ತಾರ."

ಹೇಮಲತಾ ನಕ್ಕರು. ಆ ಕಟ್ಟಡದಲ್ಲಿ ವರ್ಷದಿಂದ ಯಾರೂ ಅಷ್ಟು ನಕ್ಕಿರಲಿಲ್ಲ. "ಕುತ್ತಿಗೆ ಬಿಗಿಯಾದ್ರೆ ಸಾಕ್ಷಿ ಆಗುತ್ತಾ?"

"ಸಾಕ್ಷಿ ಅಲ್ರೀ. ಯಾರನ್ನ ಕೇಳಬೇಕಂತ ಗೊತ್ತಾಗೂದು. ಆಮ್ಯಾಲೆ ದಣದಾಂವ ಎಷ್ಟೊತ್ತು ಸುಳ್ಳ ಹೇಳ್ಯಾನು?"

ಹೇಮಲತಾ ಕೀಬೋರ್ಡು ಎಳೆದುಕೊಂಡರು. ಯಮನೂರ ಹೇಳುತ್ತ ಹೋದ. ಗಾಡಿ ಕುಲುಕಿತು, ಎರಡು ತಲೆ ಜೋತವು, ಒಂದು ನೆಟ್ಟಗೆ ನಿಂತಿತು, ವೀಬಿಯಸ್ ಅವನ ಪಕ್ಕ ಕೂತು ಮೆಲ್ಲಗೆ ಕೇಳಿದ, ಅವನು ಒಪ್ಪಿಕೊಂಡ. ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು.

"ರಚನೆ, ಯಮನೂರ," ಎಂದು ಹೇಮಲತಾ ಕೊನೆಗೆ ಸೇರಿಸಿದರು. "ಊರಿನ ಹೆಸರೂ ಹಾಕೋಣ್ವಾ?"

"ಬ್ಯಾಡ್ರೀ, ಇಷ್ಟ್ ಸಾಕು," ಎಂದ ಅವನು. "ಒರಗಾಕ ಒಂದ್ ಗ್ವಾಡಿ ತೋರಸ್ರೀ."