ಒದ್ದೆ ಸೆರಗು

ವಾಡಿಯಲ್ಲಿ ನಮ್ಮ ಮನೆಯ ಬೆಳಗು ಒರೆಸುವುದರಿಂದಲೇ ಶುರುವಾಗುತ್ತದೆ. ಕಾರ್ಖಾನೆಯಿಂದ ಹಾರಿ ಬಂದ ಸಿಮೆಂಟಿನ ಪುಡಿಯನ್ನು ಸೊಸೆ ಚಂದಮ್ಮ ಕಟ್ಟೆಯಿಂದ ಒರೆಸುತ್ತಾಳೆ, ನಾನು ದೇವರ ಜಗಲಿಯಿಂದ. ಮಗ ರೇವಣಪ್ಪ ರೈಲ್ವೆ ಡ್ಯೂಟಿಗೆ ಹೊರಡುವ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು. ಮೊಮ್ಮಗಳು ಶಿವರಂಜನಿ ಮಾತ್ರ ಕನ್ನಡಿಗೆ ಬೆನ್ನು ಮಾಡಿ ಜಡೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಇಪ್ಪತ್ತೊಂಬತ್ತು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಗದ್ದದ ಮೇಲೆ, ದವಡೆಯ ಗುಂಟ ಕೆಂಪು ಮೊಡವೆಗಳು.

"ಹದಿನಾರಕ್ಕ ಬರೋ ಮೊಡವಿ ಮೂವತ್ತಕ್ಕ ಬಂದಾವ ಅಂದ್ರ ಮೈಯಾಗಿನ ಉಷ್ಣ ಹೊರಗ ಬರಾಕತ್ತಾದ," ಎನ್ನುತ್ತಿದ್ದಳು ಚಂದಮ್ಮ. "ಮದುವಿ ಆದ್ರ ತಾನೇ ಹೋಗ್ತಾವ."

"ಮೊಡವಿ ಹೋಗೋತನ ಮದುವಿ ಆಗಂಗಿಲ್ಲ, ಮದುವಿ ಆಗೋತನ ಮೊಡವಿ ಹೋಗಂಗಿಲ್ಲ. ಮತ್ತ ನಾ ಏನ್ ಮಾಡ್ಲೆವ್ವಾ?" ಎಂದು ಹುಡುಗಿ ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ಮದುವೆ ಯಾಕೆ ಆಗಲಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಮ್ಮ ಬಳಗದಲ್ಲಿ ಒಂದು ಪದ್ಧತಿ ಇದೆ. ಕನ್ಯೆ ನೋಡಲು ಹೋದಾಗ ಗಂಡಿನ ಕಡೆಯ ಹಿರಿಯ ಹೆಂಗಸು ಸೆರಗಿನ ತುದಿಯನ್ನು ತಂಬಿಗೆಯ ನೀರಲ್ಲಿ ಅದ್ದಿ ಹುಡುಗಿಯ ಮುಖ ಒರೆಸುತ್ತಾಳೆ. ಪೌಡರಿನ ಕೆಳಗೆ ಏನಿದೆ ನೋಡಬೇಕಲ್ಲ. ಸೇಡಂ, ಚಿತ್ತಾಪುರ, ಶಹಾಬಾದಿಗೆಲ್ಲ ನನ್ನನ್ನೇ ಕರೆದೊಯ್ಯುತ್ತಿದ್ದರು. "ಆಯಿ ಕೈ ಭಾಳ ಪಕ್ಕಾ," ಎನ್ನುತ್ತಿದ್ದರು. ಎಷ್ಟು ಹುಡುಗಿಯರ ಮುಖ ಒರೆಸಿ ಬೇಡವೆಂದು ತಲೆ ಅಲ್ಲಾಡಿಸಿದೆನೋ, ಒಬ್ಬಳ ಹೆಸರೂ ನೆನಪಿಲ್ಲ.

ನನ್ನ ಮೊಮ್ಮಗಳ ಮುಖವನ್ನು ಮೂರು ಮನೆಯವರು ಒರೆಸಿ ಹೋದರು. ಮೂರನೆಯವರು ಹೋದ ಮೇಲೆ ಚಂದಮ್ಮ ಸೇಡಂ ಬಜಾರಿನಿಂದ ಒಂದು ಬಿಳಿ ಮುಲಾಮು ತಂದಳು. ಡಾಕ್ಟರ ಚೀಟಿ ಇಲ್ಲ, ಕೇಳಿದವರಿಲ್ಲ. ಹದಿನೈದು ದಿನಕ್ಕೆ ಮುಖ ಪಾಲಿಶ್ ಮಾಡಿದ ಶಹಾಬಾದಿ ಫರಶಿ ಕಲ್ಲಿನಂತೆ ನುಣ್ಣಗಾಯಿತು. ಮನೆಯಲ್ಲಿ ಹೋಳಿಗೆ ಮಾಡಿದೆವು. ನಾನೂ ತಿಂದೆ.

ನಾಲ್ಕು ತಿಂಗಳಿಗೆ ಆ ಚರ್ಮ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಾಯಿತು. ಹಚ್ಚುವುದು ಬಿಟ್ಟರೆ ಮೊಡವೆ ಎರಡರಷ್ಟು. ಹಚ್ಚಿದರೆ ಬಿಸಿಲು ತಾಳದು, ಒಲೆಯ ಝಳ ತಾಳದು, ಕಡೆಗೆ ಬರೀ ನೀರು ಬಿದ್ದರೂ ಉರಿ. ಮಕ್ಕಳು ಮುಖವನ್ನೇ ನೋಡುತ್ತಾರೆಂದು ಅವಳು ಶಾಲೆಗೆ ಹೋಗುವುದನ್ನು ಬಿಟ್ಟಳು.

ಅವಳ ಜೊತೆ ಓದಿದ ಸಂಘಮಿತ್ರಾ ಚಿತ್ತಾಪುರದ ಆಸ್ಪತ್ರೆಯಲ್ಲಿ ನರ್ಸ್. ಗೆಳತಿಯನ್ನು ನೋಡಲು ಬಂದವಳು ಆ ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿ ಚಂದಮ್ಮನಿಗೆ ಹೇಳಿದಳು.

"ಕಾಕು, ಇದ್ರಾಗ ಸ್ಟೆರಾಯ್ಡ್ ಅದ. ಮೊದಲ ಮೊಡವಿ ಮುಚ್ಚತಾದ, ಆಮ್ಯಾಲ ತಾನೇ ಎಬ್ಬಸ್ತಾದ." ಆಮೇಲೆ ಶಿವರಂಜನಿಯ ಕಡೆ ತಿರುಗಿದಳು. "ತಿಂಗಳಾ ತಿಂಗಳಾ ಬರೋಬ್ಬರಿ ಮುಟ್ಟಾಗ್ತೀಯೇನ?"

"ಮೂರ್ ತಿಂಗಳಿಗೊಮ್ಮಿ. ಐದ್ ವರ್ಷ ಆತು."

"ಹಂಗಾದ್ರ ಬೇರು ಅಲ್ಲಿರಬಹುದು. ಅಂಡಾಶಯದಾಗ ಏರುಪೇರಾಗಿ ಹಾರ್ಮೋನು ಕೆಟ್ರ ದೊಡ್ಡವ್ರಿಗೂ ಗದ್ದದ ಮ್ಯಾಲ ಹಿಂಗ ಏಳ್ತಾವ. ಚಿಂತಿ, ನಿದ್ದಿಗೇಡು ಸೇರಿದ್ರ ಇನ್ನಾ ಹೆಚ್ಚು. ಉಷ್ಣ ಅಲ್ಲ ಕಾಕು, ಪಾಪ ಅಲ್ಲ. ಹೆಣ್ಮಕ್ಕಳ ಡಾಕ್ಟರಿಗಿ ತೋರ್ಸ್ರಿ."

ಚಂದಮ್ಮ ಸಿಡಿದಳು. "ಏನಂದಿ? ಲಗ್ನ ಆಗದ ಹುಡುಗೀನ ಹಡ್ಯೋ ದವಾಖಾನಿಗಿ ಒಯ್ಯಬೇಕಾ? ನೋಡ್ದವ್ರು ಏನಂದಾರು?"

"ಜಡ್ಡು ಅದ ಅಂದಾರು," ಎಂದಳು ಸಂಘಮಿತ್ರಾ.

"ಅಷ್ಟಕ್ಕ ಬಿಡ್ತಾರೇನ ಈ ರೈಲ್ವೆ ಕ್ವಾರ್ಟರ್ಸ್ ಮಂದಿ? ಮದುವಿ ಆಗ್ಲಿ, ಗಂಡ ಒಯ್ತಾನ."

ರೇವಣಪ್ಪ ಚಹಾದ ಬಸಿ ಕೆಳಗಿಟ್ಟ. "ಐನಾಪುರದವ್ರು ಸೋಮವಾರ ಕನ್ಯಾ ನೋಡಾಕ ಬರಾಕತ್ತಾರ. ಅಲ್ಲಿತನ ಮುಲಾಮು ಹಚ್ಚಲಿ."

ನಾನು ಎದ್ದು ಹೋಗಿ, ಬೆಳಿಗ್ಗೆ ಒರೆಸಿದ್ದ ದೇವರ ಜಗಲಿಯನ್ನೇ ಮತ್ತೆ ಒರೆಸಿದೆ.

ಸೋಮವಾರ ಅವರು ಬಂದರು. ವರನ ಅಜ್ಜಿ ಸೆರಗು ಅದ್ದಿ, ಶಿವರಂಜನಿಯ ಗದ್ದ ಹಿಡಿದು, ಕೆನ್ನೆಯನ್ನು ಮೇಲಿಂದ ಕೆಳಗೆ ಒತ್ತಿ ಒರೆಸಿದಳು. ನಾನು ಒರೆಸುತ್ತಿದ್ದ ಹಾಗೆಯೇ. ಹುಡುಗಿ ಕದಲಲಿಲ್ಲ. ಮುದುಕಿ ಸೆರಗನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

"ನೋಡ್ರಿ, ಕೆಂಪ ಬಣ್ಣ ಹಚ್ಚ್ಯಾರ! ನನ್ನ ಕಣ್ಣಿಗಿ ಮಣ್ಣ ಹಾಕ್ತೀರೇನ?"

ಶಿವರಂಜನಿ ಆ ಕೈಯನ್ನು ಮೆಲ್ಲಗೆ ಹಿಡಿದಳು.

"ಅದು ಬಣ್ಣ ಅಲ್ರಿ ಆಯಿ. ರಕ್ತ. ಇನ್ನಾ ಒರಸ್ತೀರಾ?"

ಮುದುಕಿ ಕೈ ಬಿಡಿಸಿಕೊಂಡು ಸೆರಗನ್ನು ಹಿಂದಕ್ಕೆಳೆದುಕೊಂಡಳು. ಶಿವರಂಜನಿ ಎದ್ದು ನಿಂತಳು. "ಅಪ್ಪಾ, ಇವ್ರಿಗಿ ಚಹಾ ಕುಡಸಿ ಕಳಸು. ಇನ್ನ ನನ್ನ ಮಾರಿ ಯಾರ ಕೈಗೂ ಕೊಡಂಗಿಲ್ಲ."

ಮರುದಿನ ಚಿತ್ತಾಪುರಕ್ಕೆ ಅವಳ ಜೊತೆ ನಾನು ಹೋದೆ. ಚಂದಮ್ಮ ಬಾಗಿಲ ಹಿಂದೆ ಅಳುತ್ತ ಉಳಿದಳು. ಡಾಕ್ಟರು ತಪಾಸಣೆ ಮಾಡಿದರು, ಯಂತ್ರದಲ್ಲಿ ಹೊಟ್ಟೆ ನೋಡಿದರು. ಸಂಘಮಿತ್ರಾ ಹೇಳಿದ್ದೇ ನಿಜ. ಒಳಗಿನ ಜಡ್ಡಿಗೆ ಔಷಧ ಇದೆಯಂತೆ. ಮುಖ ಮಾಯಲು ಬಹಳ ತಿಂಗಳು ಬೇಕಂತೆ, ಕೆಲವು ಕಲೆ ಹೋಗುವುದೇ ಇಲ್ಲವಂತೆ. "ಐದ್ ವರ್ಷ ಯಾಕ ಬರ್ಲಿಲ್ಲ?" ಎಂದು ಅವರು ನನ್ನನ್ನು ಕೇಳಿದರು. ನಾನು ಔಷಧದ ಚೀಟಿಗೆ ಕೈ ಚಾಚಿದೆ.

ಗುಳಿಗೆಗಾಗಿ ಬಸುರಿಯರ ನಡುವೆ ಬೆಂಚಿನ ಮೇಲೆ ಕುಳಿತಿದ್ದೆವು. ಪಕ್ಕದ ಹೆಣ್ಣುಮಗಳು ಶಿವರಂಜನಿಯನ್ನು ಕೇಳಿದಳು: "ಎಷ್ಟ ತಿಂಗಳಾತ್ರಿ ಅಕ್ಕಾ?"

ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು, ಅವಳ ಮುಖ ಮುಚ್ಚಲಿಕ್ಕೆ.

"ಮದುವಿ ಆಗಿಲ್ರಿ," ಎಂದಳು ಶಿವರಂಜನಿ, ಎಲ್ಲರಿಗೂ ಕೇಳುವ ಹಾಗೆ. "ಮೊಡವಿ ತೋರಸಾಕ ಬಂದೀನಿ."

ಬೆಂಚಿನ ಮೇಲೆ ಗುಸುಗುಸು. ಆ ಹೆಣ್ಣುಮಗಳು ದನಿ ತಗ್ಗಿಸಿ ನನ್ನ ಕಡೆ ಬಾಗಿದಳು. "ನನ್ನ ತಂಗಿಗೂ ಹಿಂಗೇ ಮೊಡವಿ ಅದಾವ್ರಿ ಆಯಿ. ಅಕಿಗೂ ಲಗ್ನ ಆಗಿಲ್ಲ. ಇಲ್ಲಿ ನೋಡ್ತಾರೇನ್ರಿ?"

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ.

"ನೋಡ್ತಾರವ್ವಾ," ಎಂದೆ. "ನಾಳಿಗೇ ಕರ್ಕೊಂಡ್ ಬಾ."